ಎರಡನೇ ಅತಿ ದೊಡ್ಡ ಗುಮ್ಮಟ ಯಾವುದು ಎಂದು ಕೇಳುವವರಿಗೆ

ಊರೂರಲ್ಲಿ ರಸಪ್ರಶ್ನೆ ನಡೆಸುವ ಮೇಷ್ಟ್ರುಗಳೇ, ಮೇಡಂಗಳೇ, ಯುವಕ ಸಂಘದ ಕಾರ್ಯದರ್ಶಿಗಳೇ,

ರಾಜ್ಯೋತ್ಸವ ಹತ್ತಿರ ಬಂತು. ನಿಮ್ಮಲ್ಲಿ ಬಹಳ ಜನ ಈಗಾಗಲೇ ಪ್ರಶ್ನೆಗಳ ಪಟ್ಟಿ ಮಾಡಲು ಕೂತಿರುತ್ತೀರಿ. ಹಳೆಯ ಜಿ.ಕೆ. ಪುಸ್ತಕ, ಹೋದ ವರ್ಷದ ನೋಟ್‌ಬುಕ್ಕು, ಮೊಬೈಲಿಗೆ ಬಂದ ‘ನಿಮಗಿದು ಗೊತ್ತೇ?’ ಚಿತ್ರಗಳು, ಎಲ್ಲ ಮೇಜಿನ ಮೇಲೆ ಹರಡಿಕೊಂಡಿರುತ್ತವೆ. ನಾನು ನಿಮ್ಮ ವೇದಿಕೆಯ ಮೂಲೆಯಲ್ಲಿ ಬೋರ್ಡಿನ ಪಕ್ಕ ನಿಂತು ಅಂಕ ಬರೆಯುವ ಆಸಾಮಿ. ಪ್ರಶ್ನೆ ಕೇಳುವ ಗತ್ತು ನನ್ನದಲ್ಲ. ಆದರೆ ಪ್ರಶ್ನೆಗಳೆಲ್ಲ ನನ್ನ ಕಿವಿಯ ಮೇಲೇ ಬೀಳುತ್ತವೆ, ಒಂದೇ ಪ್ರಶ್ನೆ ಊರಿಂದೂರಿಗೆ ನನಗಿಂತ ಮೊದಲೇ ಹೋಗಿ ಕೂತಿರುವುದನ್ನೂ ಕಂಡಿದ್ದೇನೆ. ಈ ಸಲದ ಪಟ್ಟಿಯನ್ನು ಜೆರಾಕ್ಸ್ ಅಂಗಡಿಗೆ ಕಳಿಸುವ ಮುಂಚೆ ಒಂದಿಷ್ಟು ಮಾತಾಡಿಬಿಡೋಣ ಅನ್ನಿಸಿತು.

ನೇರವಾಗಿ ವಿಜಯಪುರಕ್ಕೇ ಹೋಗೋಣ. ‘ಪ್ರಪಂಚದ ಎರಡನೇ ಅತಿ ದೊಡ್ಡ ಗುಮ್ಮಟ ಯಾವುದು?’ ಪ್ರಶ್ನೆ ಮುಗಿಯುವ ಮೊದಲೇ ಬಜರ್ ಕೂಗುತ್ತದೆ. ಗೋಳಗುಮ್ಮಟ, ಹತ್ತು ಅಂಕ. ಹಾಗಾದರೆ ಮೊದಲನೆಯದು? ರೋಮಿನ ಸೇಂಟ್ ಪೀಟರ್ಸ್. ಇದನ್ನು ಒಪ್ಪಿಸದೆ ಏಳನೇ ಕ್ಲಾಸು ದಾಟಿದವರು ನಮ್ಮಲ್ಲಿ ಕಡಿಮೆ.

ಈಗ ಟೇಪು ಹಿಡಿಯೋಣ. ಗೋಳಗುಮ್ಮಟದ ಒಳವ್ಯಾಸ ಹತ್ತಿರ ಹತ್ತಿರ 38 ಮೀಟರ್. ಸೇಂಟ್ ಪೀಟರ್ಸ್ ಚರ್ಚಿನದು ಸುಮಾರು 41.5 ಮೀಟರ್. ಇಲ್ಲಿಯವರೆಗೆ ಸರಿ, ಒಂದು ಮತ್ತು ಎರಡು. ಆದರೆ ಅದೇ ರೋಮ್ ನಗರದಲ್ಲಿ ಸುಮಾರು 1900 ವರ್ಷದಿಂದ ಪ್ಯಾಂಥಿಯನ್ ನಿಂತಿದೆ. ಅದರ ಒಳವ್ಯಾಸ 43.3 ಮೀಟರ್. ಫ್ಲಾರೆನ್ಸ್ ನಗರದ ಕೆಥೆಡ್ರಲ್‌ಗೆ ಬ್ರುನೆಲೆಸ್ಕಿ ಎತ್ತಿದ ಎಂಟು ಮುಖದ ಗುಮ್ಮಟ 1436ರಲ್ಲಿ ಮುಗಿಯಿತು. ಅದೂ 42 ಮೀಟರಿಗೆ ಮೇಲೇ. ಗೋಳಗುಮ್ಮಟ ಎಂಬ ಮೊಹಮ್ಮದ್ ಆದಿಲ್‌ಶಾಹನ ಸಮಾಧಿಯ ಕೆಲಸ ನಿಂತದ್ದು ಅವನು ತೀರಿಕೊಂಡ 1656ರ ಹೊತ್ತಿಗೆ. ಅಂದರೆ ಕಟ್ಟಿದ ದಿನವೇ ಇದಕ್ಕಿಂತ ಅಗಲವಾದವು ಇಟಲಿ ಒಂದರಲ್ಲೇ ಮೂರು ಇದ್ದವು. ಹೊರಗಿನಿಂದ ಅಳೆದರೆ ಗೋಳಗುಮ್ಮಟ 44 ಮೀಟರ್ ಬರುತ್ತದೆ, ಏಕೆಂದರೆ ಅದರ ಗೋಡೆಯೇ ಮೂರು ಮೀಟರ್ ದಪ್ಪ. ಯಾರೋ ಪುಣ್ಯಾತ್ಮರು ನಮ್ಮದನ್ನು ಹೊರಗಿನಿಂದ, ಅವರದನ್ನು ಒಳಗಿನಿಂದ ಅಳೆದರೋ ಏನೋ! ಇನ್ನು ಈ ಕಾಲದ ಉಕ್ಕಿನ ಸ್ಟೇಡಿಯಂ ಗುಮ್ಮಟಗಳನ್ನು ಲೆಕ್ಕಕ್ಕೆ ಹಿಡಿದರೆ ಎರಡನೇ ಸ್ಥಾನದ ಮಾತೇ ಬೇಡ.

ಇಷ್ಟು ಹೇಳಿದರೆ ಕೆಲವರ ಮುಖ ಸಪ್ಪಗಾಗುತ್ತದೆ. ನಮ್ಮ ಹೆಮ್ಮೆಯನ್ನು ಕಿತ್ತುಕೊಂಡ ಹಾಗೆ. ನನಗೆ ಅನ್ನಿಸುವುದು ಬೇರೆ. ಆ ‘ಎರಡನೇ’ ಅನ್ನುವುದೇ ಗೋಳಗುಮ್ಮಟಕ್ಕೆ ಆಗಿರುವ ಅನ್ಯಾಯ. ಅಲ್ಲಿರುವ ನಿಜವಾದ ವಿಸ್ಮಯವನ್ನು ಅದು ಮುಚ್ಚಿಬಿಟ್ಟಿದೆ. ಪ್ಯಾಂಥಿಯನ್ ದುಂಡನೆಯ ಗೋಡೆಯ ಮೇಲೆ ದುಂಡನೆಯ ಗುಮ್ಮಟ. ಗೋಳಗುಮ್ಮಟ ಹಾಗಲ್ಲ. ಕೆಳಗೆ ಸರಿಸುಮಾರು 41 ಮೀಟರ್ ಬದಿಯ ಚೌಕ ಕೋಣೆ, ಮಧ್ಯೆ ಒಂದೇ ಒಂದು ಕಂಬವಿಲ್ಲ, ಮೇಲೆ ವರ್ತುಲ. ಚೌಕದ ಮೇಲೆ ವರ್ತುಲವನ್ನು ಕೂರಿಸುವುದು ಹೇಗೆ? ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಎಂಟು ಕಮಾನುಗಳು ಮೂಲೆಗಳಿಂದ ಒಳಕ್ಕೆ ಬಾಗುತ್ತ ಬಂದು ಗುಮ್ಮಟದ ಅಂಚಿಗೆ ಹೆಗಲು ಕೊಡುತ್ತವೆ. ಆ ಕಮಾನುಗಳ ತೂಕ ಒಳಮುಖವಾಗಿಯೂ ಗುಮ್ಮಟದ ಒತ್ತಡ ಹೊರಮುಖವಾಗಿಯೂ ಇರುವುದರಿಂದ ಒಂದು ಇನ್ನೊಂದನ್ನು ಹಿಡಿದು ನಿಲ್ಲಿಸಿದೆ.

ಈಗ ನೆಲದ ವಿಸ್ತೀರ್ಣ ಲೆಕ್ಕ ಹಾಕಿ. 41 ಮೀಟರ್ ಬದಿಯ ಚೌಕ ಅಂದರೆ ಸುಮಾರು 1,700 ಚದರ ಮೀಟರ್. 43.3 ಮೀಟರ್ ವ್ಯಾಸದ ವರ್ತುಲ 1,470ರ ಆಸುಪಾಸು. ಗುಮ್ಮಟ ಚಿಕ್ಕದು, ಆದರೆ ಅದರಡಿಯ ಕೋಣೆ ಪ್ಯಾಂಥಿಯನ್‌ಗಿಂತ ದೊಡ್ಡದು! ಇದನ್ನು 19ನೇ ಶತಮಾನದಲ್ಲೇ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ ಬರೆದಿಟ್ಟಿದ್ದ. ಹತ್ತನೇ ಕ್ಲಾಸಿನ ಹುಡುಗ ಹುಡುಗಿಯರು ವೇದಿಕೆಯ ಮೇಲೇ ಲೆಕ್ಕ ಮಾಡಿ ಹೇಳಬಹುದಾದ ಪ್ರಶ್ನೆ ಇದು. ಇಂಥದ್ದು ಕೈಯಲ್ಲಿದ್ದರೂ ನಾವು ರ‍್ಯಾಂಕು ಕೇಳುತ್ತ ಕೂತಿದ್ದೇವೆ. ಗೋಳಗುಮ್ಮಟದ ಪ್ರತಿಧ್ವನಿ ಏಳು ಸಲವೋ ಹತ್ತು ಸಲವೋ ಅನ್ನುವ ಜಗಳಕ್ಕಂತೂ ನಾನು ಬರುವುದಿಲ್ಲ. ಪ್ರವಾಸಕ್ಕೆ ಬಂದ ಮೂರು ಶಾಲೆಯ ಮಕ್ಕಳು ಒಟ್ಟಿಗೆ ಕೂಗುತ್ತಿರುವಾಗ ಎಣಿಸುವವರು ಯಾರು?

ನಿಮ್ಮ ಪಟ್ಟಿಯಲ್ಲಿ ‘ಮೊಟ್ಟಮೊದಲ’, ‘ಏಕೈಕ’, ‘ಅತಿ ದೊಡ್ಡ’ ಎಂದು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ ಎಂಬುದು ನನ್ನ ವಿನಂತಿ. ಪ್ರಶ್ನೆ ಕೆಡುವುದು ಹೆಚ್ಚಾಗಿ ಅಲ್ಲೇ. ನವೆಂಬರ್ ಬಂದರೆ ಹರಿದಾಡುವ ಕನ್ನಡದ ಹಿರಿಮೆಯ ಪಟ್ಟಿ ನೋಡಿ. ‘ವಿದೇಶಿಯೊಬ್ಬ ನಿಘಂಟು ಬರೆದ ಭಾರತದ ಏಕೈಕ ಭಾಷೆ ಕನ್ನಡ’ ಎಂಬ ಸಾಲು ಅದರಲ್ಲಿ ತಪ್ಪದೇ ಇರುತ್ತದೆ. ಕಿಟೆಲ್ ಸಾಹೇಬರ ಮೇಲೆ ನನಗೆ ಅಪಾರ ಗೌರವ. ಸುಮಾರು 70,000 ಪದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಇವತ್ತಿಗೂ ಅದನ್ನು ತೆಗೆದು ನೋಡದೆ ಹಳಗನ್ನಡದ ಕೆಲಸ ಸಾಗುವುದಿಲ್ಲ. ಆದರೆ ಏಕೈಕ? ಮರಾಠಿಗೆ ಮೋಲ್ಸ್‌ವರ್ತ್ 1831ರಲ್ಲಿ ಮಾಡಿದ. ತೆಲುಗಿಗೆ ಸಿ.ಪಿ. ಬ್ರೌನ್ 1852ರಲ್ಲಿ. ತಮಿಳಿಗೆ ವಿನ್ಸ್‌ಲೋ 1862ರಲ್ಲಿ. ಮಲಯಾಳಕ್ಕೆ ಗುಂಡರ್ಟ್ 1872ರಲ್ಲಿ. ಕನ್ನಡಕ್ಕೂ ಕಿಟೆಲ್ ಮೊದಲಿಗರಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ತನ್ನ ಕನ್ನಡ-ಇಂಗ್ಲಿಷ್ ನಿಘಂಟನ್ನು ಮದರಾಸಿನಲ್ಲಿ ಅಚ್ಚು ಹಾಕಿಸಿದ್ದು 1832ರಲ್ಲಿ. ಕಿಟೆಲ್ ಜರ್ಮನಿಯಲ್ಲಿ ಹುಟ್ಟಿದ ವರ್ಷ ಯಾವುದು ಗೊತ್ತೇ? ಅದೇ 1832.

ನೋಡಿ, ಸುಳ್ಳನ್ನು ಬಿಟ್ಟ ಕೂಡಲೇ ಎಷ್ಟು ಒಳ್ಳೆಯ ಪ್ರಶ್ನೆ ಸಿಕ್ಕಿತು! ಇನ್ನೊಂದನ್ನೂ ಬರೆದುಕೊಳ್ಳಿ. ಗುಂಡರ್ಟರ ಮಲಯಾಳ ನಿಘಂಟು ಅಚ್ಚಾದದ್ದು ಕೇರಳದ ಯಾವ ಊರಿನಲ್ಲೂ ಅಲ್ಲ, ಮಂಗಳೂರಿನ ಬಾಸೆಲ್ ಮಿಷನ್ನಿನವರಿಂದ. 1886ರಲ್ಲಿ ಮೆನ್ನರ್ ಅವರ ತುಳು ನಿಘಂಟು ಬಂದದ್ದೂ ಅಲ್ಲಿಂದಲೇ. ಆಮೇಲೆ ಕಿಟೆಲ್. ಇಪ್ಪತ್ತೆರಡು ವರ್ಷದಲ್ಲಿ ಮೂರು ಭಾಷೆಯ ಮೂರು ದೊಡ್ಡ ನಿಘಂಟು, ಒಂದೇ ಊರಿಂದ. ‘ಏಕೈಕ’ ಎಂಬ ಬಡಾಯಿ ಈ ಮಂಗಳೂರಿನ ಕತೆಯನ್ನು ನುಂಗಿ ಹಾಕಿತ್ತು.

‘ಏಷ್ಯಾದಲ್ಲೇ ಮೊದಲು ವಿದ್ಯುತ್ ಬೀದಿದೀಪ ಕಂಡ ನಗರ ಬೆಂಗಳೂರು’ ಎಂಬುದೂ ಇದೇ ಜಾತಿ. ಬೆಂಗಳೂರಿನಲ್ಲಿ ಕರೆಂಟಿನ ದೀಪ ಹತ್ತಿದ್ದು 1905ರಲ್ಲಿ. ಶಾಂಘೈನಲ್ಲಿ 1882ರಲ್ಲೇ ಆರ್ಕ್ ದೀಪಗಳು ಉರಿದಿದ್ದವು, ಅದೇ ವರ್ಷ ಟೋಕಿಯೋದ ಗಿಂಜಾದಲ್ಲೂ. ನಮ್ಮ ದೇಶದಲ್ಲೇ ಡಾರ್ಜಿಲಿಂಗ್ 1897ರಲ್ಲಿ ಜಲವಿದ್ಯುತ್ ಕಂಡಿತ್ತು. ಹಾಗಂತ ಮೈಸೂರು ಸಂಸ್ಥಾನ ಮಾಡಿದ್ದು ಸಣ್ಣದಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟನ್ನು 92 ಮೈಲು ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದರು. ಆ ಕಾಲಕ್ಕೆ ಅದು ಪ್ರಪಂಚದ ಅತಿ ಉದ್ದದ ಲೈನುಗಳಲ್ಲೊಂದು. ಊರಿನ ದೀಪಕ್ಕಿಂತ ಮೂರು ವರ್ಷ ಮೊದಲೇ ಗಣಿಗೆ ಕರೆಂಟು ಹೋಯಿತು ಎಂಬಲ್ಲಿ ಆ ಕಾಲದ ಸರಕಾರ, ಬಂಡವಾಳ, ಬ್ರಿಟಿಷ್ ಕಂಪನಿ ಎಲ್ಲದರ ಕತೆಯೂ ಇದೆ. ಅದನ್ನು ಕೇಳಿ.

ಇನ್ನು ಕೆಲವು ಹುಟ್ಟಾ ಸುಳ್ಳಲ್ಲ, ಅವಧಿ ಮುಗಿದವು. ‘ಅತಿ ಹೆಚ್ಚು ಜ್ಞಾನಪೀಠ ಪಡೆದ ಭಾಷೆ ಕನ್ನಡ’ ಎಂಬುದು ಒಂದು ಕಾಲಕ್ಕೆ ಅಪ್ಪಟ ನಿಜ. 1998ರ ಪ್ರಶಸ್ತಿ ಕಾರ್ನಾಡರಿಗೆ ಬಂದಾಗ ನಮಗೆ ಏಳು, ಹಿಂದಿಗೆ ಐದು. ಆಮೇಲೆ ನಮ್ಮಲ್ಲಿ ಕಂಬಾರರೊಬ್ಬರು ಬಂದರು. ಹಿಂದಿಯಲ್ಲಿ ನಿರ್ಮಲ್ ವರ್ಮಾ, ಕುಂವರ್ ನಾರಾಯಣ್, ಅಮರಕಾಂತ್, ಶ್ರೀಲಾಲ್ ಶುಕ್ಲ, ಕೇದಾರನಾಥ ಸಿಂಹ, ಕೃಷ್ಣಾ ಸೋಬ್ತಿ, ಮೊನ್ನೆ ವಿನೋದ್ ಕುಮಾರ್ ಶುಕ್ಲ. ಲೆಕ್ಕ ನೀವೇ ಹಾಕಿ. ಪ್ರಶ್ನೆಯ ಪಕ್ಕದಲ್ಲಿ ಇಸವಿ ಬರೆದಿಟ್ಟುಕೊಳ್ಳದಿದ್ದರೆ ಹೀಗೇ ಆಗುತ್ತದೆ. ಎಂಟು ಪ್ರಶಸ್ತಿ ಎಂಬುದು ಯಾವ ಪೈಪೋಟಿಯೂ ಇಲ್ಲದೆಯೇ ದೊಡ್ಡ ಮಾತು ಎಂದು ನಮಗೆ ಯಾಕೆ ಅನ್ನಿಸುವುದಿಲ್ಲವೋ.

ಇವೆಲ್ಲ ಎಲ್ಲಿಂದ ಬರುತ್ತವೆ? ಒಬ್ಬರ ನೋಟ್‌ಬುಕ್ಕಿನಿಂದ ಇನ್ನೊಬ್ಬರ ನೋಟ್‌ಬುಕ್ಕಿಗೆ. ಇದಕ್ಕೊಂದು ಮಜವಾದ ಮೊಕದ್ದಮೆಯೇ ನಡೆದಿದೆ. ಅಮೆರಿಕದ ಫ್ರೆಡ್ ವರ್ತ್ ಎಂಬಾತ ಚಿಲ್ಲರೆ ಸಂಗತಿಗಳ ವಿಶ್ವಕೋಶಗಳನ್ನು ಬರೆದಿದ್ದ. ಕದಿಯುವವರನ್ನು ಹಿಡಿಯಲು ಅವುಗಳಲ್ಲಿ ಬೇಕೆಂತಲೇ ಒಂದು ಸುಳ್ಳು ಸೇರಿಸಿದ. ಟಿ.ವಿ. ಪತ್ತೇದಾರ ಕೊಲಂಬೋನನ್ನು ಎಲ್ಲರೂ ಮನೆತನದ ಹೆಸರಿನಿಂದಲೇ ಕರೆಯುತ್ತಿದ್ದರು. ಅವನ ಸ್ವಂತ ಹೆಸರು ಫಿಲಿಪ್ ಎಂದು ಈತ ಬರೆದ. 1980ರ ದಶಕದಲ್ಲಿ ಟ್ರಿವಿಯಲ್ ಪರ್ಸ್ಯೂಟ್ ಎಂಬ ಮನೆಯಾಟ ಲಕ್ಷಗಟ್ಟಲೆ ಮಾರಾಟವಾಯಿತು. ಅದರ ಒಂದು ಕಾರ್ಡಿನಲ್ಲಿ ಕೊಲಂಬೋನ ಹೆಸರು ಏನೆಂದು ಇತ್ತು? ಫಿಲಿಪ್! ವರ್ತ್ 1984ರಲ್ಲಿ 30 ಕೋಟಿ ಡಾಲರಿನ ದಾವೆ ಹೂಡಿದ. ಆಟ ಕಟ್ಟಿದವರು ಹೌದು, ಅವನ ಪುಸ್ತಕವನ್ನೂ ನೋಡಿದ್ದೆವು, ಬೇರೆಯವನ್ನೂ ನೋಡಿದ್ದೆವು ಎಂದರು. ಸಂಗತಿಗಳ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲ ಎಂದು ನ್ಯಾಯಾಲಯ ವರ್ತ್‌ನನ್ನು ಬರಿಗೈಯಲ್ಲಿ ಕಳಿಸಿತು. ಕಾನೂನಿನಲ್ಲಿ ಅವನು ಸೋತ. ನಮ್ಮಂಥವರನ್ನು ಹಿಡಿಯುವಲ್ಲಿ ಮಾತ್ರ ಗೆದ್ದ. ನಿಮ್ಮ ಕೈಯಲ್ಲಿರುವ ಜಿ.ಕೆ. ಪುಸ್ತಕದಲ್ಲಿ ಯಾರ ಫಿಲಿಪ್ ಅಡಗಿದ್ದಾನೋ ಬಲ್ಲವರು ಯಾರು?

ಇನ್ನೊಂದು ಮೂಲ ರಾಬರ್ಟ್ ರಿಪ್ಲೆ. ‘ನಂಬಿದರೆ ನಂಬಿ’ ಎಂಬ ಧಾಟಿಯ ಅವನ ಪತ್ರಿಕಾ ಚಿತ್ರಾಂಕಣ ಜಗತ್ತಿನ ಎಷ್ಟೋ ಕ್ವಿಜ್ ಪ್ರಶ್ನೆಗಳ ತವರು. ಐನ್‌ಸ್ಟೈನ್ ಗಣಿತದಲ್ಲಿ ಫೇಲಾಗಿದ್ದ ಎಂಬ ಮಾತನ್ನು ಅದು ಹರಡಿತು. 1935ರಲ್ಲಿ ಯಾರೋ ಅದನ್ನು ಐನ್‌ಸ್ಟೈನ್‌ಗೇ ತೋರಿಸಿದಾಗ, ತಾನು ಗಣಿತದಲ್ಲಿ ಎಂದೂ ಫೇಲಾದವನಲ್ಲ, ಹದಿನೈದು ತುಂಬುವ ಮೊದಲೇ ಕ್ಯಾಲ್ಕುಲಸ್ ಕಲಿತಿದ್ದೆ ಎಂದು ಆತ ಹೇಳಿದ. ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಎಂಬುದನ್ನೂ ರಿಪ್ಲೆ 1932ರಲ್ಲಿ ಅಚ್ಚು ಹಾಕಿದ. ಆಗ ಚಂದ್ರನ ಮೇಲೆ ಕಾಲಿಟ್ಟವರು ಯಾರೂ ಇರಲಿಲ್ಲ! ಇದನ್ನು ಸುಳ್ಳೆನ್ನಲು ರಾಕೆಟ್ಟೂ ಬೇಕಾಗಿಲ್ಲ, ತ್ರೈರಾಶಿ ಸಾಕು. ಗೋಡೆಯ ಅಗಲ ಎಂಟು ಮೀಟರ್ ಎಂದು ಉದಾರವಾಗಿ ಹಿಡಿಯಿರಿ, ದೂರ 3,84,000 ಕಿಲೋಮೀಟರ್. ಅದು ಸುಮಾರು ನಾಲ್ಕು ಕಿಲೋಮೀಟರ್ ಆಚೆ ಹಿಡಿದ ಒಂದು ತಲೆಕೂದಲಿಗೆ ಸಮ. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ ಭೂಮಿಯ ಕಕ್ಷೆಯಿಂದಲೇ ನೋಡಿ, ತನಗೆ ಕಾಣಲಿಲ್ಲ ಎಂದ. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಮಾತ್ರ ಗೋಡೆ ಇನ್ನೂ ಕಾಣುತ್ತಲೇ ಇದೆ.

ನಕ್ಕು ಬಿಡಬಹುದಾದ ವಿಷಯ, ಇದಕ್ಕೆ ಕಾಗದ ಯಾಕೆ ಎನ್ನುತ್ತೀರೇನೋ. ಒಂದು ತಾಲ್ಲೂಕು ಮಟ್ಟದ ಸ್ಪರ್ಧೆಯಲ್ಲಿ ‘ನಮ್ಮ ರಾಷ್ಟ್ರೀಯ ಕ್ರೀಡೆ ಯಾವುದು?’ ಎಂದು ಕೇಳಿದರು. ಸರಕಾರಿ ಶಾಲೆಯ ಒಬ್ಬ ಹುಡುಗಿ ಎದ್ದು ‘ಯಾವುದೂ ಇಲ್ಲ ಸಾರ್’ ಎಂದಳು. ಸಭೆ ನಕ್ಕಿತು. ಪಕ್ಕದ ತಂಡಕ್ಕೆ ಪಾಸಾಯಿತು, ಅವರು ಹಾಕಿ ಎಂದರು, ನಾನು ಅವರ ಹೆಸರಿನ ಮುಂದೆ ಹತ್ತು ಬರೆದೆ. ಅಂಕ ಬರೆಯುವವನ ಕೆಲಸ ಅಷ್ಟೇ, ಹೇಳಿದ್ದನ್ನು ಬರೆಯುವುದು. ಆದರೆ 2012ರಲ್ಲಿ ಒಬ್ಬ ಶಾಲಾ ಬಾಲಕಿ ಮಾಹಿತಿ ಹಕ್ಕಿನಡಿ ಕೇಳಿದಾಗ ಕೇಂದ್ರ ಕ್ರೀಡಾ ಸಚಿವಾಲಯವೇ ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಎಂದು ಘೋಷಿಸಿಲ್ಲ ಎಂದು ಉತ್ತರ ಕೊಟ್ಟಿತ್ತು. ನಮ್ಮ ಹುಡುಗಿ ಅದನ್ನು ಎಲ್ಲೋ ಓದಿದ್ದಳು. ಓದಿದ್ದೇ ತಪ್ಪಾಯಿತು. ‘ರಾಷ್ಟ್ರಭಾಷೆ ಯಾವುದು?’ ಎಂಬ ಪ್ರಶ್ನೆಯಲ್ಲೂ ಇದೇ ಗುಂಡಿ ಇದೆ. ಸಂವಿಧಾನದ 343ನೇ ವಿಧಿ ಹೇಳುವುದು ಕೇಂದ್ರದ ಆಡಳಿತ ಭಾಷೆಯ ಮಾತು. ರಾಷ್ಟ್ರಭಾಷೆ ಎಂದು ಯಾವುದನ್ನೂ ಅದು ಹೆಸರಿಸಿಲ್ಲ. ಕನ್ನಡದ ವೇದಿಕೆಯಲ್ಲೇ ಆ ಪ್ರಶ್ನೆಗೆ ಹಿಂದಿ ಎಂಬ ಕೀ ಉತ್ತರ ಇರುವುದನ್ನು ಕಂಡಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಯುನೆಸ್ಕೋ ನಮ್ಮ ರಾಷ್ಟ್ರಗೀತೆಗೆ ಜಗತ್ತಿನ ಶ್ರೇಷ್ಠ ಗೀತೆಯೆಂಬ ಬಿರುದು ಕೊಟ್ಟಿತು ಎಂಬ ಪ್ರಶ್ನೆಯನ್ನು ದಯವಿಟ್ಟು ಹರಿದು ಹಾಕಿ. ಕೊಟ್ಟೇ ಇಲ್ಲ.

ಇಲ್ಲಿಗೆ ನಿಮ್ಮಲ್ಲಿ ಕೆಲವರು, ಅದರಲ್ಲೂ ಚುರುಕಾದ ತರುಣರು, ಇನ್ನು ಎಲ್ಲದನ್ನೂ ಸುಳ್ಳೆಂದು ಸಾಬೀತು ಮಾಡುವ ಸುತ್ತನ್ನೇ ಇಡೋಣ ಎಂದು ತೋಳು ಮಡಿಸಿರುತ್ತೀರಿ. ಸ್ವಲ್ಪ ತಾಳಿ. ಪಾಲಕ್ ಸೊಪ್ಪಿನಲ್ಲಿ ಕಬ್ಬಿಣಾಂಶ ವಿಪರೀತ ಎಂಬ ನಂಬಿಕೆ ಹುಟ್ಟಿದ್ದು ಒಬ್ಬ ಜರ್ಮನ್ ವಿಜ್ಞಾನಿ ದಶಮಾಂಶದ ಚುಕ್ಕೆಯನ್ನು ತಪ್ಪು ಜಾಗದಲ್ಲಿ ಇಟ್ಟಿದ್ದರಿಂದ ಎಂಬ ಕತೆ ಕೇಳಿದ್ದೀರಲ್ಲವೇ? ಕಾರ್ಟೂನಿನ ಪೊಪಾಯ್ ಸೊಪ್ಪು ತಿಂದದ್ದೂ ಅದರಿಂದಲೇ ಎನ್ನುತ್ತಾರೆ. 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಮೇಲಂತೂ ಅದಕ್ಕೆ ಮುದ್ರೆ ಬಿದ್ದ ಹಾಗಾಯಿತು. 2010ರಲ್ಲಿ ಮೈಕ್ ಸಟನ್ ಎಂಬ ಸಂಶೋಧಕ ಆ ಚುಕ್ಕೆಯನ್ನು ಹುಡುಕುತ್ತ ಹಳೆಯ ಕಾಗದಗಳನ್ನೆಲ್ಲ ಜಾಲಾಡಿದ. ಚುಕ್ಕೆಯ ಕತೆಗೆ ಆಧಾರವೇ ಸಿಗಲಿಲ್ಲ. ಸುಳ್ಳನ್ನು ಬಯಲು ಮಾಡಿದ ಕತೆಯೇ ಆಧಾರವಿಲ್ಲದ್ದು! ‘ನೀವಂದುಕೊಂಡಿದ್ದು ತಪ್ಪು’ ಎಂದು ಹೇಳುವುದರಲ್ಲಿ ಒಂದು ರುಚಿ ಇದೆ, ಆ ರುಚಿಗೆ ಬಿದ್ದವರೂ ಮೂಲ ನೋಡುವುದಿಲ್ಲ.

ಮೂಲ ಎಂದ ಕೂಡಲೇ ಲೈಬ್ರರಿಗೆ ಓಡಬೇಕಾಗಿಲ್ಲ. ಎಷ್ಟೋ ಸಲ ಅಡುಗೆಮನೆಯೇ ಸಾಕು. ನಾಲಿಗೆಯ ತುದಿಯಲ್ಲಿ ಸಿಹಿ, ಹಿಂಭಾಗದಲ್ಲಿ ಕಹಿ, ಬದಿಗಳಲ್ಲಿ ಉಪ್ಪು ಹುಳಿ ಎಂಬ ನಕ್ಷೆಯನ್ನು ನಾವೆಲ್ಲ ಬಣ್ಣದ ಪೆನ್ಸಿಲಿನಲ್ಲಿ ಬರೆದವರೇ. 1901ರಲ್ಲಿ ಜರ್ಮನಿಯ ಹೇನಿಗ್ ಎಂಬಾತ ನಾಲಿಗೆಯ ಬೇರೆ ಬೇರೆ ಕಡೆ ರುಚಿ ಗೊತ್ತಾಗುವ ಮಟ್ಟದಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇದೆ ಎಂದಷ್ಟೇ ಬರೆದಿದ್ದ. 1942ರಲ್ಲಿ ಹಾರ್ವರ್ಡ್‌ನ ಎಡ್ವಿನ್ ಬೋರಿಂಗ್ ಅದನ್ನು ಗ್ರಾಫಿಗೆ ಇಳಿಸಿದಾಗ ಆ ಹೆಚ್ಚುಕಡಿಮೆ ಭಾರಿ ವ್ಯತ್ಯಾಸದ ಹಾಗೆ ಕಾಣಿಸಿತು. ಅಲ್ಲಿಂದ ಪಠ್ಯಪುಸ್ತಕಗಳಿಗೆ ನಕ್ಷೆ ಇಳಿಯಿತು. ಇಷ್ಟು ತಲೆಮಾರಿನ ಮಕ್ಕಳು ಅದನ್ನು ಬರೆದು ಅಂಕ ಪಡೆದರು. ಒಂದು ಕಲ್ಲುಪ್ಪನ್ನು ನಾಲಿಗೆಯ ತುದಿಗೆ ಇಟ್ಟು ನೋಡಿದ್ದರೆ ಮುಗಿಯುತ್ತಿತ್ತು. ಉಪ್ಪು ಅಲ್ಲೇ ಗೊತ್ತಾಗುತ್ತದೆ. ಹಾಗಲಕಾಯಿ ಕಚ್ಚಿದವರಿಗೂ ತುದಿಯಲ್ಲೇ ಕಹಿ ಹತ್ತಿರುತ್ತದೆ. ನಾಲಿಗೆ ಹೇಳಿದ್ದಕ್ಕಿಂತ ನಕ್ಷೆ ಹೇಳಿದ್ದನ್ನೇ ನಂಬಿದೆವು.

ಈ ಸಲದ ಸ್ಪರ್ಧೆಗೆ ನನ್ನದೊಂದು ಸಲಹೆ ಇದೆ. ಪ್ರಶ್ನೆಯ ಎದುರಿಗೆ ಉತ್ತರ ಬರೆಯುವಂತೆಯೇ ಇನ್ನೊಂದು ಕಾಲಂ ಮಾಡಿ, ಅದು ಎಲ್ಲಿಂದ ಬಂತು, ಯಾವ ವರ್ಷದ ಮಾತು, ಯಾವ ಅಳತೆಯಲ್ಲಿ ಎಂದು ಬರೆಯಿರಿ. ಆ ಕಾಲಂ ಖಾಲಿ ಉಳಿದ ಪ್ರಶ್ನೆ ಬಿಟ್ಟುಬಿಡಿ. ಅಜ್ಜಿಯೊಬ್ಬಳು ರಾಜನಿಗೆ ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರಿಗೆ ಬೆಂದಕಾಳೂರು ಎಂಬ ಹೆಸರು ಬಂತೆನ್ನುವ ಪ್ರಶ್ನೆ ಕೇಳಲೇಬೇಕು ಎನ್ನುವವರು ಅದನ್ನು ದಂತಕತೆ ಎಂದೇ ಕರೆದು ಕೇಳಿ, ಜೊತೆಗೆ ಬೇಗೂರಿನ ಶಾಸನವನ್ನೂ ಕೇಳಿ. ಕಾಳು ತಿಂದನೆನ್ನುವ ಇಮ್ಮಡಿ ವೀರಬಲ್ಲಾಳನಿಗಿಂತ ಹತ್ತಿರ ಹತ್ತಿರ 300 ವರ್ಷ ಮೊದಲೇ ಆ ಶಾಸನದಲ್ಲಿ ಬೆಂಗಳೂರಿನ ಹೆಸರಿದೆ. ಪ್ರತಿ ಸುತ್ತಿನಲ್ಲೂ ಒಂದು ತಂಡಕ್ಕೆ ಒಂದು ಆಕ್ಷೇಪಣೆಯ ಅವಕಾಶ ಕೊಡಿ. ಕೀ ಉತ್ತರ ತಪ್ಪೆಂದು ಕಾರಣ ಕೊಟ್ಟು ತೋರಿಸಿದರೆ ಇಪ್ಪತ್ತು ಅಂಕ. ಪರೀಕ್ಷೆ ಬರೆದವರೆಲ್ಲ ಕೀ ಉತ್ತರಕ್ಕೆ ಆಕ್ಷೇಪಣೆ ಸಲ್ಲಿಸುವ ಕಾಲ ಇದು, ನಮ್ಮ ವೇದಿಕೆಗೆ ಮಾತ್ರ ಯಾಕೆ ಬೇಡ? ಸ್ಪರ್ಧೆ ಅರ್ಧ ಗಂಟೆ ಲಂಬಿಸಬಹುದು, ಮುಖ್ಯ ಅತಿಥಿಗಳು ಗಡಿಯಾರ ನೋಡಬಹುದು. ನೋಡಲಿ.

ನಂಬಲಾಗದಂಥ ನಿಜಗಳಿಗೆ ನಮ್ಮಲ್ಲಿ ಬರವಿಲ್ಲ. ಪಟ್ಟಿಯಲ್ಲಿ ಜಾಗ ಖಾಲಿಯಾದವರಿಗೆ ಎರಡು ನನ್ನ ಕಡೆಯಿಂದ. ಒಂದು, ಮತ ಹಾಕಿದ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ. 1962ರ ಸಾರ್ವತ್ರಿಕ ಚುನಾವಣೆಯಿಂದ ಅದನ್ನು ಒದಗಿಸುತ್ತ ಬಂದಿರುವುದು ಮೈಸೂರಿನ ಸರಕಾರಿ ಬಣ್ಣದ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಅದು ಶುರುವಾದದ್ದು ಅರಗು ಮತ್ತು ಬಣ್ಣದ ಕೆಲಸಕ್ಕೆಂದು. ಶಾಯಿಯ ಸೂತ್ರ ಮೈಸೂರಿನದಲ್ಲ, ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಇದನ್ನು ಮರೆತು ‘ಕಂಡುಹಿಡಿದವರು’ ಎಂದು ಕೇಳಿದರೆ ಮತ್ತೆ ಕೆಂಪು ಪೆನ್ನು ತೆಗೆಯಬೇಕಾಗುತ್ತದೆ.

ಇನ್ನೊಂದು ಕೋಲಾರದ್ದು. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣದಲ್ಲಿ ಹುಟ್ಟಿಸುವ ನ್ಯೂಟ್ರಿನೋಗಳನ್ನು ಹಿಡಿಯಲು ವಿಜ್ಞಾನಿಗಳು ಆಕಾಶದ ಕಡೆ ಹೋಗಲಿಲ್ಲ, ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಕೆಳಗೆ ಇಳಿದರು. ಮೇಲಿನ ಅಷ್ಟು ಬಂಡೆ ಬೇರೆ ಕಣಗಳನ್ನು ಬಹುತೇಕ ತಡೆದುಬಿಡುತ್ತದೆ, ನ್ಯೂಟ್ರಿನೋ ಮಾತ್ರ ತೂರಿ ಬರುತ್ತದೆ. 1965ರಲ್ಲಿ ಮುಂಬೈನ ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡಕ್ಕೆ ಅಲ್ಲಿ ಅದು ಸಿಕ್ಕಿತು. ಅದೇ ವರ್ಷ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಇನ್ನೊಂದು ತಂಡಕ್ಕೂ ಸಿಕ್ಕಿತು. ಹೀಗಿದ್ದರೂ ‘ಜಗತ್ತಿನಲ್ಲೇ ಮೊದಲು’ ಎಂದು ಸೇರಿಸುವ ಆಸೆ ನಿಮಗೆ ಬಂದೇ ಬರುತ್ತದೆ. ಅದರ ಬದಲು ‘ಎರಡೂ ತಂಡಗಳು ಚಿನ್ನದ ಗಣಿಗೇ ಯಾಕೆ ಹೋದವು?’ ಎಂದು ಕೇಳಿ. ಉತ್ತರಕ್ಕೆ ಮೂವತ್ತು ಸೆಕೆಂಡು ಸಾಲುವುದಿಲ್ಲ, ಒಂದು ನಿಮಿಷ ಕೊಡಿ.

ಇಂತಿ,
ಬೋರ್ಡಿನ ಪಕ್ಕ ಚಾಕ್‌ಪೀಸು ಹಿಡಿದು ನಿಂತಿರುವ ನಿಮ್ಮವ